ಪದ್ಮಲೆಯ ಕರಿ ಹುಡಿ

“ಕುಂದಣಪುರದ ಪ್ರಜೆಗಳೇ, ಕೇಳಿರಿ! ರಾಜಕುಮಾರಿ ಪದ್ಮಲೆಯವರು ಮೂರು ಒಗಟು ಕೇಳುವರು. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ಬರುವ ಅಮಾವಾಸ್ಯೆಗೆ ತಲೆದಂಡ. ಇದು ವೀರಭೂಪ ಮಹಾರಾಜರ ಆಜ್ಞೆ!”

ಆಷಾಢದ ಜಿಟಿಜಿಟಿ ಮಳೆಯಲ್ಲಿ ಡಂಗುರದವನು ಹೀಗೆ ಸಾರಿಕೊಂಡು ಹೋದ.

ಪದ್ಮಲೆ ಬೆಳಕಿನಿಂದ ಅಕ್ಷರ ಮೂಡಿಸುವ ಯಂತ್ರವೊಂದನ್ನು ತಾನೇ ಕಟ್ಟಿದ್ದಳು. ಅದಕ್ಕೆ ಶಾಯಿ ಬೇಡ, ಅಚ್ಚುಮೊಳೆ ಬೇಡ, ಒಣಗಿದ ಕರಿ ಹುಡಿ ಸಾಕು. ಈಗ ನಾವು ಲೇಸರ್ ಪ್ರಿಂಟರ್ ಅನ್ನುತ್ತೇವಲ್ಲ, ಅದರ ಅಜ್ಜಿ ಅನ್ನಿ. ಆ ಯಂತ್ರದ ಮರ್ಮ ತಿಳಿಯದವನನ್ನು ಮದುವೆಯಾಗೆನೆಂದು ಅವಳ ಹಟ. ತಲೆದಂಡವನ್ನು ಸೇರಿಸಿದವನು ಮಾತ್ರ ರಾಜ. ಮಗಳು ಎಷ್ಟು ಬೇಡಿಕೊಂಡರೂ ಅವನು ಕೇಳಲಿಲ್ಲ.

ಮೊದಲು ನೆರೆರಾಜ್ಯದ ಯುವರಾಜ ಬಂದ. “ನನ್ನ ಹುಡಿಗೆ ಕೈಯಿಲ್ಲ, ಆದರೂ ಹಿಡಿದರೆ ಬಿಡದು. ಅದಕ್ಕೆ ಹಿಡಿತ ಎಲ್ಲಿಂದ ಬಂತು?” ಎಂದು ಪದ್ಮಲೆ ಕೇಳಿದಳು. “ಗೋಂದಿನಿಂದ” ಎಂದ. ಸೆರೆಮನೆ ಸೇರಿದ. ಅವನ ಹಿಂದೆ ಬಂದ ಸಾಹುಕಾರನ ಮಗ “ಎಣ್ಣೆಯಿಂದ” ಎಂದು ಅಲ್ಲಿಗೇ ಹೋದ. ಮೂರನೆಯವನು ಕಂಬಳಿ ನೇಯುವ ಬೀರಪ್ಪ. ಮೊದಲನೆಯದನ್ನು ಬಿಡಿಸಿದ, ಎರಡನೆಯದರಲ್ಲಿ ಎಡವಿ ಸೆರೆ ಸೇರಿದ.

ಮಾರನೆಯ ದಿನ ಬೀರಪ್ಪನ ತಮ್ಮ ಮಾಳಿಂಗ ಆಸ್ಥಾನದ ಬಾಗಿಲಿಗೆ ಬಂದು ನಿಂತ. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಕಂಬಳಿ ಹೊಲಿಯುವ ಕಬ್ಬಿಣದ ಡಬ್ಬಣ.

“ನಿನಗೂ ರಾಜಕುಮಾರಿ ಬೇಕೇನೋ?” ರಾಜ ನಕ್ಕ.

“ನನಗೆ ನಮ್ಮಣ್ಣ ಬೇಕು, ಮಹಾಸ್ವಾಮಿ.”

ಪದ್ಮಲೆ ಅವನನ್ನೇ ನೋಡಿದಳು. ಮೊದಲ ಒಗಟು ಕೇಳಿದಳು. ಮಾಳಿಂಗ ಕಾಯಿಸಿ ಒಣಗಿಸಿ ತಂದಿದ್ದ ಕಂಬಳಿತುಂಡಿಗೆ ಒಂದು ಬಾಚಣಿಗೆಯನ್ನು ಉಜ್ಜಿ, ಭತ್ತದ ಹೊಟ್ಟಿನ ಮೇಲೆ ಹಿಡಿದ. ಹೊಟ್ಟು ಹಾರಿ ಬಂದು ಅಂಟಿಕೊಂಡಿತು. “ಉಜ್ಜಾಟದಿಂದ, ಅಮ್ಮಣ್ಣಿಯವರೇ.”

“ಸರಿ. ಇನ್ನು ಎರಡನೆಯದು. ನನ್ನ ಯಂತ್ರದ ಹೊಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ತಾಯಂದಿರು. ಒಬ್ಬೊಬ್ಬಳ ಮೈತುಂಬ ಕರಿ ಮಕ್ಕಳು. ಹೊಸ್ತಿಲವರೆಗೂ ಹೊತ್ತು ತಂದು, ಮಕ್ಕಳನ್ನು ಕಳಿಸಿಕೊಟ್ಟು, ತಾವು ಮಾತ್ರ ಹಿಂದಿರುಗುತ್ತಾರೆ. ಆ ತಾಯಂದಿರು ಯಾರು? ಅವರನ್ನು ಹಿಂದಕ್ಕೆ ಎಳೆಯುವವರು ಯಾರು?”

ಅಣ್ಣ ಇದಕ್ಕೆ ‘ಇರುವೆಗಳು’ ಎಂದಿದ್ದ. ಮಾಳಿಂಗ ಯಂತ್ರದ ಕಡೆ ತಿರುಗಿದ. “ಯಂತ್ರದ ಹತ್ತಿರ ಹೋಗಬಹುದೇ?” ಎಂದು ಕೇಳಿ, ಅದರ ಉರುಳೆಯ ಮುಂದೆ ಬಗ್ಗಿದ. ಸೊಂಟದ ಡಬ್ಬಣವನ್ನು ಯಾರೋ ಮೆಲ್ಲಗೆ ಜಗ್ಗಿದಂತಾಯಿತು. ಹಿಂದೆ ಸರಿದ, ಜಗ್ಗಾಟ ನಿಂತಿತು. ಮತ್ತೆ ಬಗ್ಗಿದ, ಮತ್ತೆ ಜಗ್ಗಿತು.

“ಉರುಳೆಯೊಳಗೆ ಸೂಜಿಗಲ್ಲಿದೆ!” ಎಂದು ಕೂಗಿದ. “ಎಳೆಯುವುದು ಅದೇ. ಹಾಗಾದರೆ ತಾಯಂದಿರು ಕಬ್ಬಿಣದ ಕಾಳುಗಳು. ಮಕ್ಕಳು ಹುಡಿ. ಹುಡಿಯಲ್ಲಿ ಕಬ್ಬಿಣವಿಲ್ಲ, ಅದಕ್ಕೇ ಬಿಟ್ಟು ಹೋಗುತ್ತದೆ.”

ಪದ್ಮಲೆಯ ಕಣ್ಣುಗಳು ಅರಳಿದವು. ಆದರೆ ಮೂರನೆಯದನ್ನು ಕೇಳುವಾಗ ಅವಳ ದನಿ ತಗ್ಗಿತು.

“ಬೇಸಿಗೆಯಲ್ಲಿ ನನ್ನ ಯಂತ್ರ ಮುತ್ತಿನಂಥ ಅಕ್ಷರ ಬರೆಯುತ್ತದೆ. ಮಳೆ ಹಿಡಿದರೆ ಅದೇ ಯಂತ್ರ, ಅದೇ ಹುಡಿ, ಕಾಗದಕ್ಕೆಲ್ಲ ಮಸಿ ಬಳಿಯುತ್ತದೆ. ಹುಡಿಯ ಹಿಡಿತ ಕದಿಯುವ ಕಳ್ಳ ಯಾರು? ಇದರ ಉತ್ತರ ನನಗೂ ಗೊತ್ತಿಲ್ಲ.”

ಸಭೆಯಲ್ಲಿ ಗದ್ದಲವೆದ್ದಿತು. “ನಿನಗೇ ಗೊತ್ತಿಲ್ಲದ ಮೇಲೆ ತೀರ್ಪು ಹೇಳುವವರು ಯಾರಮ್ಮಾ?” ಎಂದ ರಾಜ.

“ಯಂತ್ರವೇ ಹೇಳಲಿ, ಅಪ್ಪಾಜಿ.”

ಮಾಳಿಂಗ ಹೆಗಲ ಮೇಲಿನ ಕಂಬಳಿ ತೆಗೆದು ಒಮ್ಮೆ ಕೊಡವಿದ. ಆಮೇಲೆ ನಿಧಾನವಾಗಿ ಹೇಳಿದ: “ಚಳಿಗಾಲದಲ್ಲಿ ಕಂಬಳಿ ಕೊಡವಿದರೆ ಚಟಪಟ ಕಿಡಿ ಹಾರುತ್ತದೆ. ಮಳೆಗಾಲದಲ್ಲಿ ಎಷ್ಟು ಕೊಡವಿದರೂ ಇಲ್ಲ. ಕಳ್ಳ ತೇವವೇ ಇರಬೇಕು. ಒಂದು ಅಗ್ಗಿಷ್ಟಿಕೆ ಕೊಡಿಸಿ.”

ಹುಡಿಯನ್ನು ಕೆಂಡದ ಬಳಿಗೆ ತಂದಾಗ ಪದ್ಮಲೆ “ದೂರ, ದೂರ! ಕರಗಿಬಿಡುತ್ತದೆ!” ಎಂದು ಓಡಿ ಬಂದಳು. ಇಬ್ಬರೂ ಸೇರಿ ಹದವಾದ ಬಿಸಿಯಲ್ಲಿ ಒಣಗಿಸಿ ಯಂತ್ರಕ್ಕೆ ತುಂಬಿದರು. ಉರುಳೆ ತಿರುಗಿತು, ಕಾಗದ ಹೊರಬಂತು. ಮಸಿ ಹೋಗಿತ್ತು, ಆದರೆ ಅಕ್ಷರಗಳು ಅಲ್ಲಲ್ಲಿ ಹಾರಿಹೋಗಿದ್ದವು.

“ತಪ್ಪಿತು!” ಎಂದು ಯಾರೋ ಕೂಗಿದರು. ಮಂತ್ರಿ ತಳವಾರನ ಕಡೆ ತಿರುಗಿದ. ಮಾಳಿಂಗ ಮುಂದೆ ಬಂದ. ಕಾಗದವನ್ನು ಬೆರಳಿನಿಂದ ಸವರಿದ. ತಣ್ಣಗಿತ್ತು, ನೆನೆದ ಉಣ್ಣೆಯಂತೆ ಮೆತ್ತಗಿತ್ತು.

“ಸ್ವಲ್ಪ ತಾಳಿ! ಕಳ್ಳ ಕಾಗದದಲ್ಲೂ ಅಡಗಿದ್ದಾನೆ.”

ಕಾಗದವನ್ನೂ ಕಾಯಿಸಿದರು. ಉರುಳೆ ಮತ್ತೆ ತಿರುಗಿತು. ಈ ಸಲ ಅಕ್ಷರಗಳು ಬೇಸಿಗೆಯಲ್ಲಿ ಮೂಡುವಷ್ಟೇ ಚೊಕ್ಕವಾಗಿದ್ದವು. ರಾಜ ಗಟ್ಟಿಯಾಗಿ ಓದಿದ: “ಸೆರೆಯಲ್ಲಿರುವ ಮೂವರನ್ನೂ ಈಗಲೇ ಬಿಡತಕ್ಕದ್ದು.”

“ಇದನ್ನು ಬರೆದದ್ದು ಯಾರು?”

“ನಾನೇ, ಅಪ್ಪಾಜಿ” ಎಂದಳು ಪದ್ಮಲೆ. “ಮೊದಲು ಒಗಟುಗಳ ಅರ್ಥ ಕೇಳಿ, ಆಮೇಲೆ ಮುದ್ರೆ ಒತ್ತಿ. ಕಬ್ಬಿಣದ ಕಾಳಿಗೆ ಉಜ್ಜಿದಾಗ ಹುಡಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದೇ ಅದರ ಹಿಡಿತ. ಕಾಳುಗಳು ಹುಡಿಯನ್ನು ಹೊತ್ತು ತರುತ್ತವೆ. ಬೆಳಕು ಗೀಚಿದ ಅಕ್ಷರ ಇನ್ನೂ ಬಲವಾಗಿ ಸೆಳೆದು ಹುಡಿಯನ್ನು ಕಿತ್ತುಕೊಳ್ಳುತ್ತದೆ, ಸೂಜಿಗಲ್ಲು ಕಾಳುಗಳನ್ನು ಉಳಿಸಿಕೊಳ್ಳುತ್ತದೆ. ತೇವ ಆ ವಿದ್ಯುತ್ತನ್ನು ಸೋರಿಸಿಬಿಡುತ್ತದೆ. ಇಷ್ಟು ವರ್ಷ ನನಗೆ ತಿಳಿಯದಿದ್ದದ್ದು ಇದೊಂದೇ.”

ರಾಜ ಮಗಳನ್ನು ನೋಡಿದ, ಮಾಳಿಂಗನನ್ನು ನೋಡಿದ, ಜೋರಾಗಿ ನಕ್ಕು ಮುದ್ರೆ ಒತ್ತಿದ.

ಸೆರೆಮನೆಯ ಬಾಗಿಲು ತೆರೆಯಿತು. ಬೀರಪ್ಪ ಓಡಿ ಬಂದು ತಮ್ಮನನ್ನು ಅಪ್ಪಿ ಹೆಗಲ ಮೇಲೆ ಕೂರಿಸಿಕೊಂಡ. “ಅಣ್ಣ ಸಿಕ್ಕಿದನಲ್ಲ, ಇನ್ನು ಹೊರಟೆಯೋ?” ಎಂದು ಪದ್ಮಲೆ ಕೆಳಗಿನಿಂದ ಕೇಳಿದಳು.

“ನೀವು ಇರು ಅಂದರೆ ಇರುತ್ತೇನೆ, ಅಮ್ಮಣ್ಣಿಯವರೇ.”

“ಇರು. ಇನ್ನು ಮೇಲೆ ಪದ್ಮಲೆ ಅನ್ನು.”

ಶ್ರಾವಣದಲ್ಲಿ ಮದುವೆಯಾಯಿತು. ಧೋ ಎಂದು ಮಳೆ ಸುರಿಯುತ್ತಿತ್ತು. ಆದರೂ ಅರ್ಧ ರಾಜ್ಯದ ಜನ ನೆನೆದುಕೊಂಡೇ ಬಂದು, ತಮ್ಮ ಹೊಸ ಅರಸನಿಗೆ ಅಕ್ಷತೆ ಹಾಕಿದರು.