ಬಾಗಿಲಿಗೆ ಹೋಗದ ಪಟ್ಟಿ

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಜಪ ಇತ್ತು, ದಾಸೋಹ ಇತ್ತು, ಒಂದು ಬಾಸ್ಕೆಟ್‌ಬಾಲ್ ಕೋರ್ಟೂ ಇತ್ತು.

ನಗಬೇಡಿ. ಆಶ್ರಮದ ಗುರುಗಳು ನಿರ್ವಾಣಯ್ಯಜ್ಜಾರು ಕಾವಿ ಉಡುವ ಮೊದಲು ಪಟ್ಟಣದ ತಂಡದಲ್ಲಿ ಹತ್ತು ವರ್ಷ ಆಡಿದವರು. "ಕಣ್ಣು ಮುಚ್ಚಿ ಕುಂತ್ರ ಮನಸ್ಸು ಸಂತಿಗೆ ಓಡತೈತಿ. ಚೆಂಡು ಕೈಯಾಗಿದ್ದಾಗ ಎಲ್ಲೂ ಓಡೂದಿಲ್ಲ" ಎನ್ನುತ್ತಿದ್ದರು. ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಅಲ್ಲಿ ಆಡಲು ಬರುತ್ತಿದ್ದರು.

ಆ ವರ್ಷ ಹೆಣ್ಣುಮಕ್ಕಳ ತಂಡ ಜಿಲ್ಲೆಯ ಕಪ್ಪು ಗೆದ್ದಿತು. ಹದಿನಾರು ವರ್ಷದಲ್ಲಿ ಅದೇ ಮೊದಲು.

ಗೆದ್ದದ್ದೇ ತಡ, ಜಗಳ ಶುರುವಾಯಿತು. ಗೆದ್ದೆತ್ತಿನ ಬಾಲ ಹಿಡಿಯುವವರಿಗೇನು ಕೊರತೆಯೇ?

ಜಗಳ ಆಡುತ್ತಿದ್ದವರು ಬೇರೆ ಯಾರೂ ಅಲ್ಲ, ಅಜ್ಜಾರ ಇಬ್ಬರು ಶಿಷ್ಯರು. ಹಿರಿಯವನು ಫಕ್ಕೀರಯ್ಯ, ಕಿರಿಯವನು ಸಂಗನಬಸು. ಸಂಜೆ ಪೇಪರಿನವರು ಬರುವವರಿದ್ದರು. ಈ ತಂಡ ಕಟ್ಟಿದವರು ಯಾರು, ಒಬ್ಬರ ಹೆಸರು ಹೇಳಿ, ಕಪ್ಪಿನ ಜೊತೆ ಅವರ ಫೋಟೋ ಹಾಕುತ್ತೇವೆ ಎಂದು ಮೊದಲೇ ಹೇಳಿಕಳಿಸಿದ್ದರು.

ಫಕ್ಕೀರಯ್ಯನಿಗೆ ಆ ಹೆಸರು ತನ್ನದೇ ಆಗಬೇಕಿತ್ತು. ಹುಡುಗಿಯರಿಗೆ ಆಟ ಕಲಿಸುತ್ತ ಹದಿನಾಲ್ಕು ವರ್ಷ ಕೋರ್ಟಿನ ಧೂಳು ಕುಡಿದಿದ್ದ. ಒಂದು ಸಲವೂ ಯಾರೂ ಅವನನ್ನು ಹೆಸರಿಟ್ಟು ಹೊಗಳಿರಲಿಲ್ಲ. ಆಸೆ ಪಟ್ಟದ್ದು ತಪ್ಪೆಂದು ನಾನಂತೂ ಹೇಳಲಾರೆ.

ಇಬ್ಬರೂ ಅಜ್ಜಾರ ಮುಂದೆ ಬಂದು ನಿಂತರು. ಅಜ್ಜಾರು ಹರಿದ ಬಲೆಗೆ ಹುರಿ ಹೆಣೆಯುತ್ತಿದ್ದರು.

"ಅಜ್ಜಾರ, ರೇಣವ್ವನ್ನ ಹುಡುಕಿ ತಂದವ ನಾನ್ರಿ" ಅಂದ ಸಂಗನಬಸು. "ಬಾವಿ ದಂಡಿ ಮ್ಯಾಲ ಅಕಿ ಎತ್ತರ ನೋಡಿ, ಅವತ್ತ ಅವರಪ್ಪನ ಕೂಡ ಮಾತಾಡಿದ್ನಿ. ಫೈನಲ್‌ನಾಗ ಇಪ್ಪತ್ತು ಪಾಯಿಂಟ್ ಹೊಡದಾಕಿ ಅಕಿನ."

"ತಂದ್ರ ಆತೇನು?" ಅಂದ ಫಕ್ಕೀರಯ್ಯ. "ತಂಡದಾಗ ಹನ್ನೆರಡ ಜಾಗ. ಅಕಿಗೆ ಜಾಗ ಮಾಡಿದವರ್ಯಾರು? ಹೊಳೆವ್ವನ್ನ ತಗಿಬ್ಯಾಡ ಅಂತ ಎಲ್ಲಾರೂ ಅಂದ್ರಿ. ನೀನೂ ಅಂದಿ. ಎದಿ ಗಟ್ಟಿ ಮಾಡಿ ತಗದವ ನಾನು!"

ಹೊಳೆವ್ವ ಆರು ವರ್ಷ ಆ ತಂಡದಲ್ಲಿ ಆಡಿದವಳು. ಇಪ್ಪತ್ತರ ಹುಡುಗಿ, ಗಿಡ್ಡಗಿದ್ದರೂ ಚುರುಕು. ದೀಪಾವಳಿ ಮುಂದೆ ಪಟ್ಟಿ ಬರೆಯುವ ಹೊತ್ತಿಗೆ ಅಜ್ಜಾರು ಜ್ವರ ಬಂದು ಹಾಸಿಗೆ ಹಿಡಿದಿದ್ದರು. "ಈ ಸಲ ನೀನ ಆರಿಸು" ಎಂದು ಫಕ್ಕೀರಯ್ಯನಿಗೆ ವಹಿಸಿದ್ದರು.

ಅಜ್ಜಾರು ಹುರಿಯ ಗಂಟು ಬಿಗಿದರು. "ಪಟ್ಟಿ ಛಲೋ ಆರಿಸಿದಿ. ಅದರಾಗ ಎರಡು ಮಾತಿಲ್ಲ. ಹೊಳೆವ್ವನ ಮನ್ಯಾಗ ಏನಂದ್ರು?"

ಆ ಪ್ರಶ್ನೆಗೆ ಕಾರಣವಿತ್ತು.

ಆ ಆಶ್ರಮದಲ್ಲೊಂದು ಪದ್ಧತಿ. ತಂಡದ ಪಟ್ಟಿಯನ್ನು ಎಲ್ಲಿಯೂ ಅಂಟಿಸುತ್ತಿರಲಿಲ್ಲ. ಯಾರ ಹೆಸರು ಬಿಟ್ಟುಹೋಯಿತೋ ಅವರ ಮನೆಗೆ ಆರಿಸಿದವನೇ ಹೋಗಬೇಕು. ಅವರ ಬಾಗಿಲಲ್ಲಿ ನಿಂತು, ನಿಮ್ಮ ಮಗಳನ್ನು ಬಿಟ್ಟವನು ನಾನು, ಇಂಥದ್ದಕ್ಕೆ ಬಿಟ್ಟೆ ಎಂದು ಬಾಯಿಬಿಟ್ಟು ಹೇಳಬೇಕು. ಅವರು ಬೈದರೆ ಬೈಸಿಕೊಂಡು, ನೀರು ಕೊಟ್ಟರೆ ಕುಡಿದು ಬರಬೇಕು. ಅಜ್ಜಾರು ಎಷ್ಟು ಮನೆಗಳಲ್ಲಿ ಬೈಸಿಕೊಂಡಿದ್ದರೋ ಲೆಕ್ಕವಿಲ್ಲ.

"ಹೋಗಲಿಲ್ರಿ" ಅಂದ ಫಕ್ಕೀರಯ್ಯ. "ಪಟ್ಟಿ ದಾಸೋಹದ ಗ್ವಾಡಿಗೆ ಹಚ್ಚಿದ್ನಿ. ಪಟ್ಟಣದಾಗ ಎಲ್ಲಾ ಕಡೆ ಹಂಗ ಮಾಡ್ತಾರ್ರಿ. ಎಲ್ಲಾರಿಗೂ ಒಮ್ಮೆಗೇ ಕಾಣತೈತಿ ಅಂತ..."

"ಖರೇ ಹೇಳು."

"ಅಕಿ ಮಾರಿ ನೋಡಾಕ ಧೈರ್ಯ ಬರಲಿಲ್ರಿ."

ಅಜ್ಜಾರ ಕೈಯಿಂದ ಹುರಿ ಜಾರಿತು. ಅವರ ಮುಖ ಇಳಿದುಹೋಯಿತು. ಎದ್ದು ಕೋಲು ತೆಗೆದುಕೊಂಡರು.

"ನಡಿ" ಅಂದರು.

ಹೊಳೆವ್ವನ ಮನೆ ದಂಡೆಗುಂಟ ಒಂದು ಹರದಾರಿ. ದಾರಿಯುದ್ದಕ್ಕೂ ಅಜ್ಜಾರು ಕೋಲೂರುತ್ತ ಮುಂದೆ ಮುಂದೆ ನಡೆದರು. ಬೈದಿದ್ದರೆ ಫಕ್ಕೀರಯ್ಯನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವಳ ತಾಯಿ ಸೋಮವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಜ್ಜಾರನ್ನು ಕಂಡು ಗಡಿಬಿಡಿಯಿಂದ ಎದ್ದು ಸೆರಗು ಸರಿ ಮಾಡಿಕೊಂಡು, ಕಂಬಳಿ ಹಾಸಿ, ನೀರು ಬೆಲ್ಲ ತಂದಿಟ್ಟಳು.

"ಹೊಳೆವ್ವ ಎಲ್ಲಿ ಅದಾಳವ್ವಾ?" ಅಂದರು ಅಜ್ಜಾರು.

"ಅಕಿ ಎಲ್ಲಿದಾಳ್ರಿ ಅಜ್ಜಾರ? ಲಗ್ನ ಮಾಡಿ ಕೊಟ್ವಲ್ರಿ. ಸೊಲ್ಲಾಪುರದ ಆಚೆ. ದೀಪಾವಳಿ ಆದ ಮ್ಯಾಲ ಗೌರಿ ಹುಣ್ಣಿವಿ ಬಂತಲ್ರಿ, ಅದರ ಮೂರನೇ ದಿನಕ್ಕ."

"ಇಷ್ಟು ಲಗೂನ?"

ಸೋಮವ್ವ ತಲೆ ತಗ್ಗಿಸಿದಳು. "ಎರಡನೇ ಸಂಬಂಧ್ರಿ. ಆತಗ ಎಂಟು ವರ್ಷದ ಮಗ ಅದಾನ. ಎರಡು ವರ್ಷದಿಂದ ಬೆನ್ನು ಹತ್ತಿದ್ರು, ನಾ ತಡದಿದ್ನಿ. ಅಕಿ ಹೆಸರು ನಿಮ್ಮ ತಂಡದಾಗ ಇರೂತನಕ ಲಗ್ನದ ಮಾತು ಎತ್ತಬಾರದು ಅಂತ ಅವರಪ್ಪನ ಕಡಿಂದ ಆಣಿ ಮಾಡಿಸಿಕೊಂಡಿದ್ನಿ. ಆತ ಮಾತಿಗೆ ತಪ್ಪಿದ ಮನುಷ್ಯಾ ಅಲ್ಲ. ಹೆಸರು ಹೋತು, ಆಣಿನೂ ಹೋತು."

ಫಕ್ಕೀರಯ್ಯನಿಗೆ ಕೈಯಲ್ಲಿದ್ದ ಬೆಲ್ಲ ಬಾಯಿಗೆ ಹಾಕಲಾಗಲಿಲ್ಲ.

"ಅವತ್ತು ಆ ಗ್ವಾಡಿ ಮುಂದ ಮೂರು ಸಲ ಓದಿದ್ಲಂತ್ರಿ" ಅಂದಳು ಸೋಮವ್ವ. "ಕಣ್ಣು ತಪ್ಪಿರಬೇಕು ಅಂತ. ಮನಿಗೆ ಬಂದು, ಯಾರರ ಬಂದು ಹೇಳ್ತಾರ ಯವ್ವಾ, ಆಶ್ರಮದಾಗ ಹಂಗ ಪದ್ಧತಿ ಐತಿ ಅಂದ್ಲು. ನಾಕು ದಿನ ಬಾಗಲಾ ಕಾದ್ಲು."

ಅಜ್ಜಾರು ಕಣ್ಣು ಮುಚ್ಚಿದರು.

"ಅಜ್ಜಾರ, ಬ್ಯಾಸರ ಮಾಡಿಕೋಬ್ಯಾಡ್ರಿ, ಒಂದು ಕೇಳ್ತೀನಿ. ನನ್ನ ಮಗಳ ಹೆಸರು ತಗದವರು ಯಾರ್ರಿ?"

ಅಜ್ಜಾರು ಫಕ್ಕೀರಯ್ಯನ ಕಡೆ ನೋಡಲಿಲ್ಲ.

"ಕಮಿಟಿಯವರು, ಅವ್ವಾ" ಅಂದ ಫಕ್ಕೀರಯ್ಯ. "ಕಮಿಟಿ ತೀರ್ಮಾನ ಅದು."

"ಹೌದೇನ್ರಿ" ಅಂದಳು ಸೋಮವ್ವ. ಕಮಿಟಿ ಎಂದರೆ ಯಾರನ್ನು ಕೇಳುವುದು, ಯಾರನ್ನು ಬೈಯುವುದು? ಮತ್ತೆ ಮೊರ ಹಿಡಿದಳು.

ಇಬ್ಬರೂ ಹೊರಟು ಓಣಿ ದಾಟಿದರು. ಬೇವಿನ ಗಿಡದ ಹತ್ತಿರ ಅಜ್ಜಾರು ನಿಂತರು.

"ಫಕ್ಕೀರಯ್ಯಾ, ಕಮಿಟ್ಯಾಗ ಯಾರ್ಯಾರಿದ್ರು?"

"ನಾ ಒಬ್ಬನ್ರಿ."

"ಮುಂಜಾನಿ ನನ್ನ ಮುಂದ ಎದಿ ತಟ್ಟಿ ಹೇಳಿದಿ, ತಗದವ ನಾನು ಅಂತ."

"ಹೌದ್ರಿ."

"ಹೊಳ್ಳಿ ಹೋಗು."

"ಅಜ್ಜಾರ, ಈಗ ಹೇಳಿ ಏನಾಗೂದೈತ್ರಿ? ಹೋದಾಕಿ ಬರ್ತಾಳೇನ್ರಿ?"

"ಬರೂದಿಲ್ಲ. ಹೋಗು."

ಫಕ್ಕೀರಯ್ಯ ತಿರುಗಿ ನಡೆದ. ಅದೇ ಓಣಿ, ಅದೇ ಮನೆ. ಆದರೆ ಅಷ್ಟು ದೂರ ಅವನು ಜನ್ಮದಲ್ಲಿ ನಡೆದಿರಲಿಲ್ಲ.

ಹೊಸ್ತಿಲ ಹೊರಗೆ ನಿಂತ. ಸೋಮವ್ವ ತಲೆ ಎತ್ತಿದಳು.

"ಏನರ ಮರೆತ್ರೇನ್ರಿ ಮಾಸ್ತರ?"

"ಅವ್ವಾ, ಕಮಿಟಿ ಅಂದದ್ದು ಸುಳ್ಳು. ಹೊಳೆವ್ವನ ಹೆಸರು ತಗದವ ನಾನು. ಬಂದು ಹೇಳಬೇಕಾದವನೂ ನಾನು. ಅಂಜಿ ಬರಲಿಲ್ಲ."

ಸೋಮವ್ವನ ಮೊರ ನಿಂತಿತು.

"ಯಾಕ ತಗದ್ರಿ?"

"ಹೊಸಾ ಹುಡುಗಿ ಎತ್ತರ ಇದ್ಲು. ಅಷ್ಟ. ಹೊಳೆವ್ವನ ಆಟದಾಗ ಏನೂ ಐಬ ಇರಲಿಲ್ಲ."

"ಅಷ್ಟ?"

"ಅಷ್ಟ, ಅವ್ವಾ."

"ಅರಿಶಿಣ ಹಚ್ಚೂ ಮುಂದ ಕೇಳಿದ್ಲ್ರಿ" ಅಂದಳು ಸೋಮವ್ವ, ದನಿ ಒಡೆದುಹೋಯಿತು. "ನಾ ಏನು ತಪ್ಪು ಮಾಡಿದ್ನಿ ಯವ್ವಾ ಅಂತ. ನನಗೇನು ಗೊತ್ತು? ಏನರ ಮಾಡಿರ್ತೀ ಬಿಡು, ಸುಮ್ಮಸುಮ್ಮನ ತಗೀತಾರೇನು ಅಂತ ಬೈದ್ನಿ. ಹೋಗೂ ಮುಂದ ಮಗಳನ್ನ ಬೈದು ಕಳಿಸಿದ್ನಿ ಮಾಸ್ತರ. ಆವಾಗ ನೀವು ಬಂದು ಇನ್ನೊಂದು ವರ್ಷ ತಡೀರಿ ಅಂದಿದ್ರ ಅವರಪ್ಪ ತಡೀತಿದ್ದ. ಆಶ್ರಮದವರ ಮಾತು ಮೀರೂದಿಲ್ಲ ಆತ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಫಕ್ಕೀರಯ್ಯನೂ ಅತ್ತ. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಆಕೆ ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಕೊನೆಗೆ ಒಂದು ಚೊಂಬು ನೀರು ತಂದುಕೊಟ್ಟಳು. ನಿಂತೇ ಕುಡಿದು ಬಂದ.

ಅಜ್ಜಾರು ಬೇವಿನ ಬುಡದಲ್ಲಿ ಕುಳಿತಿದ್ದರು. ಅವರ ಕಣ್ಣೂ ಒದ್ದೆಯಾಗಿದ್ದವು.

"ಹೇಳಿದಿ?"

"ಹೇಳಿದ್ನ್ರಿ."

"ನನ್ನ ತಪ್ಪೂ ಐತಿ" ಅಂದರು ಅಜ್ಜಾರು. "ಜ್ವರ ಬಿಟ್ಟ ದಿನಾನ ನಿನ್ನ ಕೇಳಬೇಕಿತ್ತು. ಗೆಲ್ಲೂದರಾಗ ನಾನೂ ಮರೆತ್ನಿ. ಸೊಲ್ಲಾಪುರಕ್ಕ ಹೋಗಿ ಆ ಮಗಳಿಗೆ ನಾ ಹೇಳಿ ಬರ್ತೀನಿ, ನಿಂದೇನೂ ತಪ್ಪಿಲ್ಲವ್ವಾ ಅಂತ."

"ನಾನೂ ಬರ್ತೀನ್ರಿ."

"ಬಾ."

ಆಶ್ರಮದ ಕಡೆ ಹೊರಟರು. ಪೇಪರಿನವರ ಜೀಪು ಬಂದು ಅಂಗಳದಲ್ಲಿ ನಿಂತದ್ದು ದೂರದಿಂದಲೇ ಕಂಡಿತು. ಸಂಗನಬಸು ಕಪ್ಪು ಒರೆಸಿ ಕಟ್ಟೆಯ ಮೇಲೆ ಇಟ್ಟಿದ್ದ.

ಫಕ್ಕೀರಯ್ಯ ನಿಂತುಬಿಟ್ಟ. "ಅಜ್ಜಾರ, ಅವರಿಗೆ ಸಂಗನಬಸೂನ ಹೆಸರು ಹೇಳ್ರಿ. ನನಗ ಬ್ಯಾಡ. ಇನ್ನ ಮ್ಯಾಲ ಪಟ್ಟಿನೂ ನಾ ಬರೆಯೂದಿಲ್ಲ. ಆ ಕೆಲಸಕ್ಕ ನಾ ಲಾಯಕ್ಕ ಅಲ್ರಿ."

ಅಜ್ಜಾರು ಅವನ ಹೆಗಲ ಮೇಲೆ ಕೈಯಿಟ್ಟರು.

"ಫೋಟೋ ಅವಂದ ಹಾಕಲಿ, ಅಡ್ಡಿಯಿಲ್ಲ. ಪಟ್ಟಿ ಮಾತ್ರ ಮುಂದಿನ ವರ್ಷನೂ ನೀನ ಬರಿ. ಆ ಹೊಸ್ತಿಲದಾಗ ನಿಂತು, ತಗದವ ನಾನು ಅಂದವ ನಿಮ್ಮಿಬ್ಬರೊಳಗ ನೀ ಒಬ್ಬನ ಅದಿ."