ಫಕೀರವ್ವನ ಸೊಲ್ಲು

ಶಾಂತಯ್ಯ ಗುರುಗಳ ಮುಂದೆ ಕೈಕಟ್ಟಿ ನಿಂತು ಕೇಳಿದ: "ಅಜ್ಜಾರೆ, ನಾನೂ ಮುರಿಗೆಯ್ಯನೂ ಒಟ್ಟಿಗೇ ಮಠಕ್ಕೆ ಬಂದವರು. ಒಟ್ಟಿಗೇ ಪಾಠ ಹಿಡಿದೆವು. ಈಗ ಅವನು ಹಿಂದೆ ಬಿದ್ದಿದ್ದಾನೆ. ಅವನಿಗಾಗಿ ನಿಂತರೆ ನನ್ನ ಓದು ಕೆಡುತ್ತದೆ. ಮೊದಲು ನಾನು ಮುಂದೆ ಹೋಗಿ, ಆಮೇಲೆ ಬಂದು ಅವನನ್ನು ಕರೆದುಕೊಂಡರೆ ಆಗದೆ?"

ಗುರುಗಳು ಅವನಿಗೆ ಕೂರಲು ಹೇಳಿದರು. ತಾವು ಚಿಕ್ಕವರಿದ್ದಾಗ ಹಿರಿಯರಿಂದ ಕೇಳಿದ್ದು ಎಂದು ಈ ಕತೆ ಹೇಳಿದರು.

ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ನೀಲವ್ವ ಎಂಬ ಹಾಡುಗಾರ್ತಿ ಇದ್ದಳು. ಅವಳು ಹಾಡುತ್ತಿದ್ದುದು ಗೀಗೀ ಪದ. ಅದನ್ನು ಒಬ್ಬರೇ ಹಾಡುವ ರೂಢಿಯಿಲ್ಲ. ಮುಂದಿನವಳು ನುಡಿ ಹಾಡಿ ನಿಲ್ಲಬೇಕು, ಹಿಂದಿನವಳು ಪಲ್ಲವಿಯ ಸೊಲ್ಲು ಎತ್ತಬೇಕು. ನೀಲವ್ವನ ಹಿಂದೆ ದಪ್ಪು ಬಾರಿಸುತ್ತ ಸೊಲ್ಲು ಹಿಡಿಯುತ್ತಿದ್ದವಳು ನೆರೆಮನೆಯ ಫಕೀರವ್ವ. ವಯಸ್ಸಿನಲ್ಲಿ ಅವಳೇ ದೊಡ್ಡವಳು. ದನಿ ದಪ್ಪ, ತುಸು ಒಡಕು. ಉಸಿರು ಎಳೆದುಕೊಂಡು ಬರುವಷ್ಟರಲ್ಲಿ ಅವಳ ಸೊಲ್ಲು ಚೂರು ತಡವಾಗುತ್ತಿತ್ತು. ಕೇಳುವವರಿಗೆ ಆ ತಡವೇ ರುಚಿ. ಈಗ ಬಂತು, ಈಗ ಬಂತು ಎಂದು ಜನ ಕತ್ತು ಮುಂದೆ ಮಾಡಿ ಕೂತಿರುತ್ತಿದ್ದರು.

ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಸುಗ್ಗಿಯ ಕಣ, ಎಲ್ಲಿಂದ ಕರೆ ಬಂದರೂ ಇಬ್ಬರೂ ನಡೆದೇ ಹೋಗುತ್ತಿದ್ದರು. ಬುತ್ತಿ ಒಂದೇ. ಹೊಲದ ಬದುವಿನ ಮೇಲೆ ಕೂತು ರೊಟ್ಟಿಗೆ ಪುಂಡಿಪಲ್ಲೆ ಹಚ್ಚಿಕೊಂಡು ತಿನ್ನುತ್ತಿದ್ದರು. ದಾರಿ ಉದ್ದಕ್ಕೂ ಹಳೆಯ ಪದಕ್ಕೆ ಹೊಸ ನುಡಿ ಕಟ್ಟುತ್ತಿದ್ದರು. ಹತ್ತು ವರ್ಷ ಹೀಗೇ ಕಳೆಯಿತು.

ಅದು ಗ್ರಾಮಫೋನು ಹೊಸದಾಗಿ ಬಂದ ಕಾಲ. ಒಂದು ಕಂಪನಿಯ ಏಜೆಂಟ ಹಾಡುಗಾರರನ್ನು ಹುಡುಕುತ್ತ ಆ ಕಡೆ ಬಂದ. ಒಂದು ತೊಟ್ಟಿಲ ಮನೆಯಲ್ಲಿ ಇವರ ಪದ ಕೇಳಿ, ಇಬ್ಬರನ್ನೂ ಹುಬ್ಬಳ್ಳಿಗೆ ಕರೆಸಿದ.

ಹುಬ್ಬಳ್ಳಿಯಲ್ಲಿ ಅವರನ್ನು ಒಂದು ಕೋಣೆಗೆ ಕರೆದೊಯ್ದರು. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದ್ದರು. ನಡುವೆ ತಗಡಿನ ದೊಡ್ಡ ತುತ್ತೂರಿ. ಅದರ ಬಾಯಿಗೆ ಮುಖವಿಟ್ಟು ಹಾಡಿದರೆ, ಆಚೆ ಮೇಣದ ತಟ್ಟೆಯ ಮೇಲೆ ಮುಳ್ಳು ಗೆರೆ ಕೊರೆಯುತ್ತಿತ್ತು. ಫಕೀರವ್ವ ಸೊಲ್ಲು ಎತ್ತಿದ ಕೂಡಲೇ ಮುಳ್ಳು ಕುಣಿದು ತಟ್ಟೆ ಕೆಟ್ಟಿತು. ಅವಳನ್ನು ದೂರ ನಿಲ್ಲಿಸಿದರೆ ದನಿ ಕೇಳಿಸಲೇ ಇಲ್ಲ.

ಏಜೆಂಟ ನೀಲವ್ವನಿಗೆ, "ಈ ಯಂತ್ರದಾಗ ಇಬ್ಬರು ಹಿಡಿಸೋದಿಲ್ಲ. ನೀ ಒಬ್ಬಾಕಿನ ಹಾಡು" ಎಂದ.

ನೀಲವ್ವ ಒಲ್ಲೆನೆಂದಳು. ಆಗ ಫಕೀರವ್ವನೇ ಅವಳ ಭುಜ ಹಿಡಿದಳು. "ಹಾಡವ್ವಾ. ಯಂತ್ರಕ್ಕ ನನ್ನ ದನಿ ಒಗ್ಗಲಿಲ್ಲಂತ ನಿನ್ನ ದನಿ ಯಾಕ ಊರಾಗ ಉಳೀಬೇಕು?" ಎಂದಳು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ನೀಲವ್ವ ಹಾಡತೊಡಗಿದಳು. ಮೊದಲ ನುಡಿ ಮುಗಿದೊಡನೆ ರೂಢಿಯಂತೆ ನಿಂತಳು. ಕೋಣೆ ಸುಮ್ಮನಿತ್ತು. ತಟ್ಟೆ ತಿರುಗುತ್ತಲೇ ಇತ್ತು. ಏಜೆಂಟ ಕೈಬೀಸಿ ಯಂತ್ರ ನಿಲ್ಲಿಸಿದ. ಎಲ್ಲಿಯೂ ನಿಲ್ಲಕೂಡದು, ಮೂರು ನಿಮಿಷದಲ್ಲಿ ಪದ ಮುಗಿಯಬೇಕು ಎಂದ. ಮತ್ತೆ ಹಾಡಿದಳು, ಮತ್ತೆ ನಿಂತಳು. ಮೇಣ ಹಲವು ಸಲ ಹಾಳಾಯಿತು. ಸಂಜೆಯ ಹೊತ್ತಿಗೆ ಹೇಗೋ ಒಂದು ಪದ ಕೊನೆ ಮುಟ್ಟಿತು.

ಆ ಪದ ಗ್ರಾಮಫೋನಿನ ಪ್ಲೇಟಾಗಿ ಊರೂರಿಗೆ ಹೋಯಿತು. ಇವರ ಊರಿಗೆ ಬಂದಾಗ ಎಲ್ಲರಿಗಿಂತ ಹಿಗ್ಗಿದವಳು ಫಕೀರವ್ವ. ದಾರಿಯಲ್ಲಿ ಹೋಗುವವರನ್ನು ಕರೆದು, "ಕೇಳ್ರಿ, ನಮ್ಮ ನೀಲವ್ವ" ಎನ್ನುತ್ತಿದ್ದಳು.

ಕಂಪನಿ ನೀಲವ್ವನನ್ನು ಮುಂಬಯಿಗೆ ಕರೆಸಿತು. ಆಮೇಲೆ ಮತ್ತೆ ಮತ್ತೆ ಕರೆಸಿತು. ವರ್ಷದಲ್ಲಿ ಹೆಚ್ಚು ದಿನ ಅಲ್ಲೇ ಉಳಿಯತೊಡಗಿದಳು. ಜನ ಅವಳ ಹೆಸರು ಕೇಳಿಯೇ ಪ್ಲೇಟು ಕೊಳ್ಳತೊಡಗಿದರು. ಮೊದಲಿನಂತೆ ಮೇಣ ಹಾಳಾಗುತ್ತಿರಲಿಲ್ಲ. ತುತ್ತೂರಿಯ ಮುಂದೆ ಒಮ್ಮೆ ನಿಂತರೆ ಒಂದೇ ಉಸಿರಿಗೆ ಹಾಡಿ ಮುಗಿಸುತ್ತಿದ್ದಳು.

ಆದರೆ ಬಿಡಾರದ ಕೋಣೆಯಲ್ಲಿ ಒಬ್ಬಳೇ ಉಣ್ಣಲು ಕೂತಾಗ ಅವಳಿಗೆ ಆ ಬದು ನೆನಪಾಗುತ್ತಿತ್ತು. ಬುತ್ತಿಯ ಗಂಟು ಬಿಚ್ಚುವ ಫಕೀರವ್ವನ ಕೈ ನೆನಪಾಗುತ್ತಿತ್ತು. ರೊಟ್ಟಿಯ ಸುಟ್ಟ ಅಂಚು ಮುರಿದು ತನಗಿಟ್ಟುಕೊಂಡು, ಮೆತ್ತಗಿನದನ್ನು ಇವಳ ಕಡೆ ಸರಿಸುತ್ತಿದ್ದ ಕೈ ಅದು. ಇಬ್ಬರನ್ನೂ ಹಿಡಿಸುವ ಯಂತ್ರ ಬಂದ ದಿನ ಫಕೀರವ್ವನನ್ನು ಕರೆತರುತ್ತೇನೆ ಎಂದು ನೀಲವ್ವ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಆ ದಿನವೂ ಬಂತು. ಕರೆಂಟಿನ ಹೊಸ ಯಂತ್ರ ಬಂತು. ತುತ್ತೂರಿ ಹೋಗಿ ಮೈಕು ನಿಂತಿತು. ಹತ್ತು ಜನ ಕೂಡಿ ಹಾಡಿದರೂ ಹಿಡಿಯುತ್ತದೆ, ನಿನ್ನ ಜೊತೆಯವಳನ್ನು ಕರೆದುಕೊಂಡು ಬಾ ಎಂದು ಏಜೆಂಟನೇ ಹೇಳಿದ. ನೀಲವ್ವ ಮರುದಿನದ ಗಾಡಿಗೇ ಊರಿಗೆ ಹೊರಟಳು.

ಸುದ್ದಿ ಕೇಳಿ ಫಕೀರವ್ವನ ಕಣ್ಣು ತುಂಬಿತು. ಗೂಟದಲ್ಲಿ ತೂಗುಹಾಕಿದ್ದ ದಪ್ಪು ಇಳಿಸಿ, ಒಲೆಯ ಬಿಸಿಗೆ ಹಿಡಿದು ಹದ ಮಾಡಿದಳು. ಇಬ್ಬರೂ ಕಟ್ಟೆಯ ಮೇಲೆ ಕೂತರು. ನೀಲವ್ವ ಹಾಡಿದಳು:

"ಅವ್ವ ಉಡಿಸಿದ ಸೀರಿ, ಅಂಚು ಮಾಸಿಲ್ಲ ಇನ್ನಾ..."

ಫಕೀರವ್ವ ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ನೀಲವ್ವ ಎರಡನೆಯ ನುಡಿಯಲ್ಲಿದ್ದಳು. ಫಕೀರವ್ವ ತಡೆದು, ಅದರ ಕೊನೆಗೆ ಕಾದಳು. ನೀಲವ್ವ ಮೂರನೆಯದಕ್ಕೆ ದಾಟಿದ್ದಳು. ಪದ ಮುಗಿಯಿತು. ದಪ್ಪಿನ ಮೇಲಿಟ್ಟ ಕೈ ಅಲ್ಲೇ ಇತ್ತು.

"ನಾ ಎಲ್ಲಿ ಬರಬೇಕು, ನೀಲವ್ವಾ?" ಎಂದು ಫಕೀರವ್ವ ಕೇಳಿದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಗೊತ್ತಾಗದೆ ಕೇಳಿದ್ದಳು.

ನೀಲವ್ವ ಮತ್ತೆ ಹಾಡಿದಳು. ಈ ಸಲ ನಿಲ್ಲಬೇಕೆಂದು ಗಟ್ಟಿ ಮಾಡಿಕೊಂಡೇ ಹಾಡಿದಳು. ಒಂದು ಕಡೆ ನಿಂತಳು, ಫಕೀರವ್ವನ ಬಾಯಿಗೆ ಸೊಲ್ಲು ಬರುವ ಮೊದಲೇ ಹೊರಟುಬಿಟ್ಟಳು. ಇನ್ನೊಂದು ಕಡೆ ನಿಂತದ್ದು ಹೆಚ್ಚಾಗಿ ಪದವೇ ಕಡಿದುಹೋಯಿತು.

ಫಕೀರವ್ವ ದಪ್ಪು ಕೆಳಗಿಟ್ಟಳು. "ನನಗ ಮುಪ್ಪಾತವ್ವಾ. ತಡಾ ಆಗತೈತಿ. ನೀ ಹೋಗಿ ಹಾಡಿ ಬಾ" ಎಂದಳು.

ಅವಳ ತಡ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇತ್ತು. ಅದು ನೀಲವ್ವನಿಗೆ ಗೊತ್ತಿತ್ತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ನೀಲವ್ವ ಮುಂಬಯಿಗೆ ಹೋಗಲಿಲ್ಲ. ಇನ್ನಷ್ಟು ದಿನ ಬೇಕು ಎಂದು ಹೇಳಿಕಳಿಸಿದಳು. ಮಳೆಗಾಲ ಪೂರ್ತಿ ಇಬ್ಬರೂ ಆ ಕಟ್ಟೆಯ ಮೇಲೆ ಕೂತು ಪದ ಕೂಡಿಸಲು ನೋಡಿದರು. ಕಂಪನಿ ದಸರೆಯವರೆಗೆ ಕಾದು, ಬೇರೊಬ್ಬ ಹಾಡುಗಾರ್ತಿಯನ್ನು ಹಿಡಿಯಿತು. ನೀಲವ್ವನ ಹೊಸ ಪ್ಲೇಟು ಮತ್ತೆ ಬರಲಿಲ್ಲ. ಸುಗ್ಗಿಗೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಹಳೆಯ ಊರುಗಳಿಗೆ ಹೋದರು. ಕೆಲವು ದಿನ ಪದ ಕೂಡುತ್ತಿತ್ತಂತೆ. ಕೆಲವು ದಿನ ಕೂಡುತ್ತಿರಲಿಲ್ಲವಂತೆ. ಕೂಡದ ದಿನ ನೀಲವ್ವ ದಾರಿಯಲ್ಲಿ ಮಾತಾಡುತ್ತಿರಲಿಲ್ಲ. ಫಕೀರವ್ವನೇ ಏನಾದರೂ ಹೇಳಿ ನಗಿಸುತ್ತಿದ್ದಳು.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

ಶಾಂತಯ್ಯ ತಲೆ ತಗ್ಗಿಸಿದ. "ತಿಳಿಯಿತು ಅಜ್ಜಾರೆ. ನಾಳೆಯಿಂದ ನಾನು ಮುರಿಗೆಯ್ಯನಿಗಾಗಿ ನಿಲ್ಲುತ್ತೇನೆ" ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು: "ನಿಲ್ಲುವುದಕ್ಕೆ ನಿನಗೆ ಇನ್ನೂ ಬರುತ್ತದೆಯೇ, ಶಾಂತಯ್ಯ?"