ಗುಮಾನಿರಾಯನ ಹೆಸರಿಲ್ಲದ ಅಂಗಿ

ಒಂದಾನೊಂದು ಊರಿನಲ್ಲಿ ದೇವರ ದಯದಿಂದ ಎಲ್ಲವೂ ಇತ್ತು, ನಂಬಿಕೆಯೊಂದು ಇರಲಿಲ್ಲ. ಅಲ್ಲಿನ ದೊರೆ ಗುಮಾನಿರಾಯ. ಯಾವ ಬಾವಿಯದು, ಸೇದಿದವರು ಯಾರು ಎಂದು ಕೇಳದೆ ತುಳಸಿ ತೀರ್ಥವನ್ನೂ ಮುಟ್ಟುತ್ತಿರಲಿಲ್ಲ.

ಒಂದು ದಿನ ಸಿಂಪಿಗರ ರುಕ್ಮಣ್ಣ ಹೊಸ ಅಂಗಿ ಹೊಲಿದು ತಂದ. ರಾಯ ಮೂಸಿ ನೋಡಿದ. ಗೂಟದ ಮೇಲಿನ ಹಳೆಯ ಅಂಗಿಗಳ ಕಡೆ ತಿರುಗಿ, "ನೀವು ಯಾರು, ಹೇಳಿರಿ" ಎಂದ.

"ಹನ್ನೆರಡು ಕಸೆ ಕಟ್ಟುತ್ತೀರಿ, ಅದಕ್ಕೇ ನಾನು ಬಾರಾಬಂದಿ" ಎಂದಿತು ಒಂದು.

"ನಿಂತರೆ ಹಿಮ್ಮಡಿ ಮುಟ್ಟುತ್ತೇನೆ, ಅದಕ್ಕೇ ನಾನು ನಿಲುವಂಗಿ" ಎಂದಿತು ಇನ್ನೊಂದು.

ಹೊಸದು ಬಾಯಿ ಬಿಡಲಿಲ್ಲ.

"ಹೆಸರು ಹೇಳದವನ ಹೊಟ್ಟೆಯೊಳಗೆ ನಾನು ಹೋಗಬೇಕೇನೋ?" ಎಂದು ರಾಯ ರುಕ್ಮಣ್ಣನನ್ನು ಗದರಿದ. " ಸಂಜೆಯೊಳಗೆ ಇದಕ್ಕೆ ಹೆಸರು ಬರಬೇಕು. ಇಲ್ಲವಾದರೆ ನಿನ್ನ ಹೆಬ್ಬೆರಳು ಹೋಯಿತು!"

ಹೆಬ್ಬೆರಳಿಲ್ಲದ ಸಿಂಪಿಗ ಸೂಜಿ ಹಿಡಿಯುವುದು ಹೇಗೆ? ರುಕ್ಮಣ್ಣ ಮನೆದೇವರನ್ನು ನೆನೆದ. ಹೆಸರಿಡುವುದು ಸೋದರತ್ತೆಯ ಹಕ್ಕು. ಹೊಲಿದ ತಾನು ಅಂಗಿಗೆ ತಂದೆ. ಅಂದಮೇಲೆ ಸೋದರತ್ತೆ ತನ್ನ ಅಕ್ಕ ತುಳಜವ್ವ. ಓಡಿಹೋಗಿ ತೊಟ್ಟಿಲ ಸಮೇತ ಅವಳನ್ನು ಅರಮನೆಗೆ ಕರೆತಂದ.

ತುಳಜವ್ವ ಅಂಗಿಯನ್ನು ತೊಟ್ಟಿಲಿಗೆ ಹಾಕಿದಳು. "ಒಳಗಿನ ಅಸ್ತರು ಯಾವುದರದೋ ತಮ್ಮಾ?"

"ಹಳೇ ಕೌದಿಯದು ಅಕ್ಕಾ."

"ಹಾಗಾದರೆ ಕೌದಿ ಇದರ ಅಜ್ಜ. ಅಜ್ಜನ ಹೆಸರೇ ಇಡೋಣ." ಬಲತೋಳೇ ಕಿವಿಯೆಂದು ಬಾಯಿಟ್ಟಳು.

"ತಡಿಯೇ!" ಎಂದ ರಾಯ. "ಈ ತೋಳಲ್ಲಿ ಹೇಳಿದ್ದು ಆ ತೋಳಿನಿಂದ ಓಡಿಹೋದರೆ?" ಎಡತೋಳಿಗೆ ಕೈ ತೂರಿಸಿದ. "ಕೊರಳಿನಿಂದ ಹಾರಿದರೆ?" ಕೊರಳಿಗೆ ಮುಷ್ಟಿ ಇಟ್ಟ. "ಕೆಳಗಿನಿಂದ ಜಾರಿದರೆ?" ಈಗ ಕೈ ಉಳಿದಿರಲಿಲ್ಲ. ತಾನೇ ಇಡಿಯಾಗಿ ಒಳಗೆ ನುಸುಳಿದ. ಹೊರಗೆ ಬರೀ ಅಂಗಿ ಕಾಣುತ್ತಿತ್ತು.

"ಕುರ್ರ್, ಕೌದೆಪ್ಪಾ!" ಎಂದಳು ತುಳಜವ್ವ, ಹೆಸರಿಡುವ ಶಾಸ್ತ್ರದಂತೆ ಮೂರು ಸಲ. ಹೆಸರು ಅಂಗಿಗೆ ತಾಕದೆ ನೆಟ್ಟಗೆ ರಾಯನ ಕಿವಿಗೆ ಹೋಯಿತು.

ರುಕ್ಮಣ್ಣ ಹೆಬ್ಬೆರಳನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಕೇಳಿದ, "ಅಂಗೀ, ನಿನ್ನ ಹೆಸರೇನಪ್ಪಾ?"

"ಕೌದೆಪ್ಪ" ಎಂದ ರಾಯ ಒಳಗಿನಿಂದ. ಹೇಳಿ ತಾನೇ ಬೆದರಿದ. "ಇದರಲ್ಲೇನೋ ಮೋಸವಿದೆ! ಇವನ ಬೆರಳು ಕತ್ತರಿಸಿರಿ!"

ಬಾಗಿಲಲ್ಲಿ ನಿಂತಿದ್ದ ಕತ್ತಿಯವನು ತುಳಜವ್ವನ ಕಡೆ ನೋಡಿ ತಲೆ ಕೆರೆದುಕೊಂಡ. "ದೊರೆ ಹೇಳಿದರೆ ಕತ್ತರಿಸುತ್ತಿದ್ದೆ. ಅಂಗಿ ಹೇಳಿದರೆ ಕತ್ತರಿಸೋದುಂಟೇನವ್ವಾ?"

"ಎಲ್ಲಿಯ ಮಾತು!" ಎಂದಳು ತುಳಜವ್ವ. "ಹೊಸ ಅಂಗಿ, ಸ್ವಲ್ಪ ಒದರುತ್ತದೆ. ಮಡಚಿಡು, ಸುಮ್ಮನಾಗುತ್ತದೆ."

ಕೌದೆಪ್ಪನನ್ನು ಮೂರು ಮಡಿಕೆ ಮಡಚಿ, ಬೇವಿನ ಸೊಪ್ಪು ಹಾಕಿ, ಪೆಟ್ಟಿಗೆಯಲ್ಲಿಟ್ಟರು. ರುಕ್ಮಣ್ಣ ಹತ್ತೂ ಬೆರಳು ಜೋಡಿಸಿ ದೇವರಿಗೆ ಕೈಮುಗಿದು ಮನೆಗೆ ಹೋದ.

ಅದಕ್ಕೇ ಹಿರಿಯರು ಹೇಳಿದ್ದು: ಪೆಟ್ಟಿಗೆಯಿಂದ ತೆಗೆದ ಅಂಗಿಯನ್ನು ಕೊಡವಿ ತೊಡಬೇಕು. ಒಳಗೆ ಚೇಳಿರಬಹುದು, ದೊರೆಯೂ ಇರಬಹುದು.